ವರ್ಗಾವಣೆಗೆ ಮೊದಲೇ ಪೂರ್ಣ ಲೆಕ್ಕ ಕೊಡಿಸಿ: ಟೈಮ್‌ಶೇರ್ ಮರುಮಾರಾಟದ ಬಗ್ಗೆ ಗ್ರಾಹಕ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಟೈಮ್‌ಶೇರ್ ರಜಾ ಸದಸ್ಯತ್ವಗಳ ಮರುಮಾರಾಟದಲ್ಲಿ ಕೊಳ್ಳುವವರಿಗೆ ಮೊದಲು ತಿಳಿಸದೆ ವಸೂಲಾಗುತ್ತಿರುವ ಶುಲ್ಕಗಳು.

ಮಾನ್ಯರೇ,

ರೆಸಾರ್ಟ್‌ಗಳಲ್ಲಿ ವರ್ಷಕ್ಕೆ ಒಂದು ವಾರ ತಂಗುವ ಹಕ್ಕನ್ನು ಹತ್ತು ಅಥವಾ ಇಪ್ಪತ್ತೈದು ವರ್ಷಗಳ ಮಟ್ಟಿಗೆ ಒಟ್ಟಿಗೇ ಮಾರುವ ಟೈಮ್‌ಶೇರ್ ವ್ಯಾಪಾರ ನಮ್ಮ ದೇಶದಲ್ಲಿ 1980ರ ದಶಕದಿಂದ ನಡೆದುಬಂದಿದೆ. ಮಾಲ್‌ಗಳಲ್ಲಿ ಚೀಟಿ ತುಂಬಿಸಿಕೊಂಡು, ಉಡುಗೊರೆ ಬಂದಿದೆಯೆಂದು ಗಂಡ ಹೆಂಡತಿಯನ್ನು ಹೋಟೆಲಿಗೆ ಕರೆಸಿ, ಗಂಟೆಗಟ್ಟಲೆ ಕೂರಿಸಿ ಸದಸ್ಯತ್ವ ಮಾರುವ ಪರಿ ತಮಗೂ ಗೊತ್ತಿರುವುದೇ. ಆ ಬಗ್ಗೆ ಗ್ರಾಹಕ ಆಯೋಗಗಳಿಗೆ ದೂರುಗಳು ಹೋಗಿವೆ, ತೀರ್ಪುಗಳೂ ಬಂದಿವೆ. ನಾನು ಬರೆಯುತ್ತಿರುವುದು ಆ ಮೊದಲ ಮಾರಾಟದ ಬಗ್ಗೆ ಅಲ್ಲ. ಹಾಗೆ ಸದಸ್ಯರಾದವರು ಕೆಲವು ವರ್ಷಗಳಾದ ಮೇಲೆ ಉಳಿದ ಅವಧಿಯನ್ನು ಬೇರೊಬ್ಬರಿಗೆ ಮಾರುವಾಗ ನಡೆಯುವ ಎರಡನೆಯ ಮಾರಾಟದ ಬಗ್ಗೆ. ಅಲ್ಲಿ ಕೊಳ್ಳುವವರಿಗೆ ಪೂರ್ಣ ಲೆಕ್ಕವನ್ನು ಮುಂಚಿತವಾಗಿ ಹೇಳಬೇಕಾದ ಸ್ಪಷ್ಟ ಹೊಣೆಯನ್ನು ಇಂದಿನ ವ್ಯವಸ್ಥೆ ಯಾರ ಮೇಲೂ ಹೊರಿಸಿಲ್ಲ, ಮತ್ತು ಆ ಲೆಕ್ಕ ಪೂರ್ತಿಯಾಗಿ ಗೊತ್ತಿರುವುದು ಒಬ್ಬರಿಗೆ ಮಾತ್ರ, ಅಂದರೆ ರೆಸಾರ್ಟ್ ಕಂಪನಿಗೆ. ಈ ಪತ್ರದ ಅಹವಾಲು ಇಷ್ಟೇ.

ನಾನು ಮೈಸೂರಿನವನು. ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಬಡಾವಣೆಯ ಜನ ವಿಮೆ, ಸಾಲ, ಚೀಟಿ ಮುಂತಾದವುಗಳ ಕಾಗದಪತ್ರ ಹಿಡಿದುಕೊಂಡು ಬರುತ್ತಾರೆ, ಓದಿ ಹೇಳುತ್ತೇನೆ. ಹೀಗೆ ಬಂದವರಲ್ಲಿ ನಿವೃತ್ತ ಶಿಕ್ಷಕ ದಂಪತಿ ಇದ್ದರು. ಅವರ ಕಡತವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಪ್ರಸ್ತಾಪಿಸುತ್ತಿದ್ದೇನೆ. ಅವರ ಹೆಸರನ್ನಾಗಲಿ, ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ. ಒಂದು ಕಂಪನಿಯ ಮೇಲೆ ಕೋಪ ತೀರಿಸಿಕೊಳ್ಳುವುದು ನನ್ನ ಉದ್ದೇಶವಲ್ಲ, ಮತ್ತು ಇದೇ ಬಗೆಯ ಷರತ್ತುಗಳನ್ನು ಬೇರೆ ಬೇರೆ ಕಂಪನಿಗಳ ಒಪ್ಪಂದಗಳಲ್ಲೂ ನಾನು ಓದಿದ್ದೇನೆ.

ಆ ದಂಪತಿ ಕಂಡದ್ದು ಒಂದು ಅಂತರ್ಜಾಲ ಜಾಹೀರಾತು. 25 ವರ್ಷಗಳ ಸದಸ್ಯತ್ವದಲ್ಲಿ 14 ವರ್ಷ ಉಳಿದಿದೆ, ವರ್ಷಕ್ಕೆ ಏಳು ರಾತ್ರಿ, ಮಡಿಕೇರಿ, ಊಟಿ, ಮುನ್ನಾರ್, ಗೋವಾ ಎಲ್ಲೆಡೆ ತಂಗಬಹುದು, ಬೆಲೆ 1,20,000 ರೂಪಾಯಿ. ಮಾರುತ್ತಿದ್ದವರು ಕೆಲಸದ ಮೇಲೆ ವಿದೇಶಕ್ಕೆ ಹೊರಟಿದ್ದ ಬೆಂಗಳೂರಿನ ಒಂದು ಕುಟುಂಬ. ಇವರಿಗೆ ಬೆಲೆ ಅಗ್ಗವೆನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ, ಏಕೆಂದರೆ ಹೊಸ ಸದಸ್ಯತ್ವಕ್ಕೆ ಅದರ ಹಲವು ಪಟ್ಟು ಕೊಡಬೇಕಾಗುತ್ತದೆ. ಮಾರುವವರ ಫೋನ್ ನಂಬರು ಸಿಗಬೇಕಾದರೆ ಜಾಲತಾಣದ ಮಧ್ಯವರ್ತಿಗೆ ಮೊದಲು 5,000 ರೂಪಾಯಿ ‘ನೋಂದಣಿ ಶುಲ್ಕ’ ಕಟ್ಟಬೇಕಿತ್ತು, ಕಟ್ಟಿದರು. ಮಾತುಕತೆ ಮುಗಿದು ಮುಂಗಡ ಕೊಟ್ಟ ನಂತರವಷ್ಟೇ ಅವರಿಗೆ ಉಳಿದದ್ದು ಒಂದೊಂದಾಗಿ ತಿಳಿಯತೊಡಗಿತು. ಹೆಸರು ಬದಲಾಯಿಸಲು ಕಂಪನಿಗೆ 25,000 ರೂಪಾಯಿ ವರ್ಗಾವಣೆ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 29,500. ಹಿಂದಿನ ಸದಸ್ಯರು ಎರಡು ವರ್ಷ ವಾರ್ಷಿಕ ಶುಲ್ಕ ಕಟ್ಟಿರಲಿಲ್ಲ. ತೆರಿಗೆ ಸೇರಿ 42,480 ರೂಪಾಯಿಗಳ ಆ ಬಾಕಿಯನ್ನು ತೀರಿಸದೆ ವರ್ಗಾವಣೆ ಇಲ್ಲ, ಮೇಲೆ ಬಡ್ಡಿ. ಜಾಹೀರಾತಿನಲ್ಲಿ ‘ಕೂಡಿಟ್ಟ ರಾತ್ರಿಗಳು ಸೇರಿ’ ಎಂದಿತ್ತು, ಅಂದರೆ ಹಿಂದಿನ ವರ್ಷಗಳಲ್ಲಿ ಬಳಸದೆ ಉಳಿಸಿಕೊಂಡ ರಾತ್ರಿಗಳೂ ಸಿಗುತ್ತವೆಂದು, ಆದರೆ ವರ್ಗಾವಣೆಯಾದ ಕೂಡಲೇ ಹಳೆಯ ಸದಸ್ಯರು ಕೂಡಿಟ್ಟದ್ದೆಲ್ಲ ರದ್ದಾಗುತ್ತದೆ ಎಂಬ ಷರತ್ತು ಒಪ್ಪಂದದ ಒಳಪುಟದಲ್ಲಿತ್ತು. ಬೇರೆ ದೇಶಗಳ ರೆಸಾರ್ಟ್‌ಗಳೊಂದಿಗೆ ವಾರವನ್ನು ಅದಲುಬದಲು ಮಾಡಿಕೊಳ್ಳುವ ವಿನಿಮಯ ಸೌಲಭ್ಯವೂ ಹಾಗೆಯೇ: ಅದು ಹಳೆಯ ಸದಸ್ಯರ ಹೆಸರಿಗೆ ಮಾತ್ರ, ಹೊಸಬರು ಬೇರೆಯಾಗಿ ಸದಸ್ಯತ್ವದ ಹಣ ಕಟ್ಟಬೇಕು, ಪ್ರತಿ ವಿನಿಮಯಕ್ಕೆ ಮತ್ತೆ ಶುಲ್ಕ ಕೊಡಬೇಕು.

ಬಡ್ಡಿಯನ್ನು ಬಿಟ್ಟರೂ, 1,20,000 ರೂಪಾಯಿಯ ವಸ್ತು ಕೈಗೆ ಬರುವ ಹೊತ್ತಿಗೆ 1,96,980 ರೂಪಾಯಿ ಆಗಿತ್ತು. ಆದರೆ ನನ್ನ ಪ್ರಕಾರ ದೊಡ್ಡ ಮೊತ್ತ ಇದಲ್ಲ. ಇವೆಲ್ಲ ಒಮ್ಮೆ ಕಟ್ಟಿ ಮುಗಿಯುವಂಥವು. ಮುಂದಿನ 14 ವರ್ಷಗಳ ವಾರ್ಷಿಕ ಶುಲ್ಕವನ್ನು ಜಾಹೀರಾತಿನಲ್ಲಾಗಲಿ, ಮಧ್ಯವರ್ತಿಯ ಕಾಗದದಲ್ಲಾಗಲಿ, ಮಾರಾಟದ ಒಪ್ಪಿಗೆ ಪತ್ರದಲ್ಲಾಗಲಿ ಯಾರೂ ಒಂದು ಸಾಲಿನಲ್ಲೂ ಬರೆದಿರಲಿಲ್ಲ.

ಆ ಲೆಕ್ಕವನ್ನು ನಾನೇ ಹಾಕಿ ಅವರ ಮುಂದಿಟ್ಟೆ, ತಮ್ಮ ಮುಂದೆಯೂ ಇಡುತ್ತೇನೆ. ಆ ವರ್ಷದ ಶುಲ್ಕ 18,000 ರೂಪಾಯಿ, ಜಿಎಸ್‌ಟಿ ಸೇರಿದರೆ 21,240. ಶುಲ್ಕ ಒಂದು ಪೈಸೆಯೂ ಏರದಿದ್ದರೂ 14 ವರ್ಷಕ್ಕೆ 2,97,360 ರೂಪಾಯಿ ಆಗುತ್ತದೆ, ಅಂದರೆ ಕೊಂಡ ಬೆಲೆಯ ಎರಡೂವರೆ ಪಟ್ಟು. ಆದರೆ ಶುಲ್ಕ ಏರದೆ ಇರುವುದಿಲ್ಲ. ಬೆಲೆ ಏರಿಕೆಗೆ ತಕ್ಕಂತೆ ಅಥವಾ ಕಂಪನಿಯ ತೀರ್ಮಾನದಂತೆ ಪರಿಷ್ಕರಿಸಬಹುದೆಂದು ಒಪ್ಪಂದವೇ ಹೇಳುತ್ತದೆ. ವರ್ಷಕ್ಕೆ ಶೇ. 6ರಂತೆ ಏರಿತೆಂದು ಇಟ್ಟುಕೊಳ್ಳೋಣ. ಹದಿನಾಲ್ಕನೆಯ ವರ್ಷದ ಶುಲ್ಕ ತೆರಿಗೆ ಬಿಟ್ಟು 38,000 ರೂಪಾಯಿ ದಾಟುತ್ತದೆ, ಒಟ್ಟು ಮೊತ್ತ ತೆರಿಗೆ ಸೇರಿ ಸುಮಾರು 4,46,000 ರೂಪಾಯಿಗೆ ಮುಟ್ಟುತ್ತದೆ. ಮೊದಲು ಕಟ್ಟಿದ್ದನ್ನೂ ಕೂಡಿಸಿದರೆ ಸುಮಾರು 6,43,000. ಹದಿನಾಲ್ಕು ವರ್ಷದ 98 ರಾತ್ರಿಗಳನ್ನು ಒಂದನ್ನೂ ಬಿಡದೆ ಬಳಸಿದರೂ ರಾತ್ರಿಗೆ 6,500 ರೂಪಾಯಿಗಿಂತ ಹೆಚ್ಚಾಯಿತು; ವಯಸ್ಸಾದ ದಂಪತಿ ಅರ್ಧವನ್ನಷ್ಟೇ ಬಳಸಿದರೆ 13,000 ದಾಟಿತು. ಊಟದ ಖರ್ಚು ಇದರಲ್ಲಿಲ್ಲ. ಕೆಲವು ರೆಸಾರ್ಟ್‌ಗಳಲ್ಲಿ ಹಬ್ಬದ ದಿನಗಳಲ್ಲಿ ಊಟದ ಪ್ಯಾಕೇಜನ್ನು ಕಡ್ಡಾಯವಾಗಿ ಕೊಳ್ಳಬೇಕೆಂಬ ನಿಯಮವಿದೆ, ಅದೂ ಇದರಲ್ಲಿಲ್ಲ. ತೆರಿಗೆಯ ದರವೂ ಇದ್ದಂತೆಯೇ ಇರುವುದಿಲ್ಲ: 2017ರ ಜೂನ್‌ವರೆಗೆ ಶೇ. 15 ಸೇವಾ ತೆರಿಗೆ ಇದ್ದದ್ದು ಜುಲೈನಲ್ಲಿ ಜಿಎಸ್‌ಟಿ ಬಂದು ಶೇ. 18 ಆದಾಗ ಆ ವ್ಯತ್ಯಾಸವನ್ನು ಹೊತ್ತವರು ಸದಸ್ಯರೇ.

ಈ ಲೆಕ್ಕದ ನಂತರವೂ ಸದಸ್ಯತ್ವ ಬೇಕೆನ್ನುವವರು ಇರಬಹುದು. ಪ್ರತಿ ವರ್ಷ ತಪ್ಪದೆ ಮಕ್ಕಳು ಮೊಮ್ಮಕ್ಕಳೊಂದಿಗೆ ಪ್ರವಾಸ ಹೋಗುವ, ಕೆಲವು ತಿಂಗಳು ಮುಂಚಿತವಾಗಿ ಕೋಣೆ ಕಾಯ್ದಿರಿಸುವ ಶಿಸ್ತಿರುವ ಕುಟುಂಬಕ್ಕೆ ಇದು ನಷ್ಟದ ವ್ಯಾಪಾರವಾಗಬೇಕಿಲ್ಲ. ವಾರ್ಷಿಕ ಶುಲ್ಕವೇ ಅನ್ಯಾಯವೆಂದೂ ನಾನು ಹೇಳುವುದಿಲ್ಲ. ಕೊಡಗಿನ ಮಳೆಗೆ ಸಿಕ್ಕ ಕಟ್ಟಡದ ಗೋಡೆ, ಸೂರು, ಮರಮುಟ್ಟುಗಳನ್ನು ಕಾಪಾಡಲು, ನೌಕರರಿಗೆ ಸಂಬಳ ಕೊಡಲು, ಜನರೇಟರ್ ಓಡಿಸಲು ಹಣ ಬೇಕೇ ಬೇಕು. ಅದನ್ನು ತಂಗುವವರು ಕೊಡುವುದು ನ್ಯಾಯವೇ. ನನ್ನ ತಕರಾರು ಶುಲ್ಕದ ಮೇಲಲ್ಲ, ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊತ್ತಿನಲ್ಲಿ ಆ ಶುಲ್ಕ ಕೊಳ್ಳುವವರ ಕಣ್ಣಿಗೆ ಬೀಳದಿರುವುದರ ಮೇಲೆ. ನಿಜ ಹೇಳಬೇಕೆಂದರೆ ಮರುಮಾರಾಟದಲ್ಲಿ ಬೆಲೆ ಇಷ್ಟು ಅಗ್ಗವಾಗಲು ಮುಖ್ಯ ಕಾರಣವೇ ಈ ಶುಲ್ಕ. ಮಾರುವವರು ಬಿಟ್ಟುಕೊಡುತ್ತಿರುವುದು ರಜೆಯ ಹಕ್ಕನ್ನಷ್ಟೇ ಅಲ್ಲ, ವರ್ಷ ವರ್ಷವೂ ಹಣ ಕಟ್ಟುವ ಹೊಣೆಯನ್ನು ಕೂಡ. ಅಮೆರಿಕದಲ್ಲಿ ಟೈಮ್‌ಶೇರ್‌ಗಳನ್ನು ಒಂದು ಡಾಲರಿಗೆ ಮಾರಲು ಹೊರಟವರಿದ್ದಾರೆ. ಯಾರಾದರೂ ಆ ಹೊಣೆಯನ್ನು ಹೊತ್ತುಕೊಂಡರೆ ಸಾಕೆಂಬುದು ಅವರ ಆಸೆ.

ಈಗ ಹೊಣೆಗಾರಿಕೆಯ ಮಾತಿಗೆ ಬರುತ್ತೇನೆ. ದಂಪತಿಯ ಪರವಾಗಿ ನಾನು ಮೂವರನ್ನೂ ಕೇಳಿದೆ. ಮಾರಿದವರು ಸಭ್ಯರು, ‘ನೀವು ಕೇಳಲಿಲ್ಲ, ನಾವು ಹೇಳಲಿಲ್ಲ’ ಎಂದರು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ವಿವರಣೆಯೂ, ಹೇಳಲೇಬೇಕಾದ ಕರ್ತವ್ಯ ಇಲ್ಲದ ಕಡೆ ಬರೀ ಸುಮ್ಮನಿರುವುದು ವಂಚನೆಯಲ್ಲ ಎಂದೇ ಹೇಳುತ್ತದೆ. ಅವರು ವ್ಯಾಪಾರಿಗಳೂ ಅಲ್ಲದ್ದರಿಂದ ಗ್ರಾಹಕ ಆಯೋಗದಲ್ಲಿ ಅವರ ಮೇಲೆ ದೂರು ನಿಲ್ಲುವುದು ಕಷ್ಟ. ಮಧ್ಯವರ್ತಿಯವರು, ತಮ್ಮದು ಪರಿಚಯ ಮಾಡಿಸುವ ಕೆಲಸ ಮಾತ್ರ, ಜಾಹೀರಾತಿನ ಸತ್ಯಾಸತ್ಯಕ್ಕೆ ತಾವು ಹೊಣೆಯಲ್ಲವೆಂದು ತಮ್ಮ ಷರತ್ತುಗಳಲ್ಲೇ ಬರೆದಿದೆ ಎಂದರು. ಕಂಪನಿಯವರು, ‘ನಿಮ್ಮಿಬ್ಬರ ನಡುವಿನ ವ್ಯವಹಾರಕ್ಕೆ ನಾವು ಪಕ್ಷಕಾರರಲ್ಲ, ನಮ್ಮ ಒಪ್ಪಂದದ ಷರತ್ತುಗಳು ಸದಸ್ಯರಿಗೆ ಗೊತ್ತಿದ್ದವು’ ಎಂದು ಉತ್ತರಿಸಿದರು. ಸದಸ್ಯರಿಗೆ ಗೊತ್ತಿದ್ದದ್ದು ನಿಜ. ಆದರೆ ಇವರು ಆಗ ಇನ್ನೂ ಸದಸ್ಯರಾಗಿರಲಿಲ್ಲವಲ್ಲ! ಸದಸ್ಯರಲ್ಲದವರಿಗೆ ಖಾತೆಯ ವಿವರ ಕೊಡಲಾಗದೆಂದು ಅದೇ ಕಂಪನಿಯ ಸಹಾಯವಾಣಿ ಇವರಿಗೆ ಮೊದಲೇ ಹೇಳಿತ್ತು. ಸದಸ್ಯರಾಗುವ ಮೊದಲು ಮಾಹಿತಿ ಸಿಗುವುದಿಲ್ಲ, ಸದಸ್ಯರಾದ ಮೇಲೆ ಸಿಕ್ಕ ಮಾಹಿತಿಯಿಂದ ಪ್ರಯೋಜನವಿಲ್ಲ.

ಸ್ಥಿರಾಸ್ತಿಯ ವಿಷಯದಲ್ಲಿ ನಮ್ಮ ಕಾನೂನು ಹೀಗೆ ಕೈಚೆಲ್ಲಿ ಕುಳಿತಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಮಾರುವವರು ತಾವಾಗಿಯೇ ತಿಳಿಸಬೇಕು ಮತ್ತು ಮಾರಾಟದ ದಿನದವರೆಗಿನ ಸರ್ಕಾರಿ ತೆರಿಗೆ, ಬಾಡಿಗೆಗಳನ್ನು ತಾವೇ ತೀರಿಸಬೇಕು. ಅದಕ್ಕೂ ಮಿಗಿಲಾಗಿ, ಒಂದು ಸಣ್ಣ ನಿವೇಶನ ಕೊಳ್ಳುವ ಬಡವನೂ ಉಪನೋಂದಣಾಧಿಕಾರಿ ಕಚೇರಿಯಿಂದ, ಈಗ ಕಾವೇರಿ ಜಾಲತಾಣದಿಂದ, ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ಆ ಜಾಗದ ಮೇಲೆ ನೋಂದಾಯಿತ ಅಡಮಾನ ಇದೆಯೇ ಇಲ್ಲವೇ ಎಂದು ಅಗ್ರಿಮೆಂಟಿಗೆ ಮೊದಲೇ ನೋಡಿಕೊಳ್ಳಬಹುದು. ಇ.ಸಿ. ನೋಡದೆ ಯಾರೂ ಜಾಗಕ್ಕೆ ಮುಂಗಡ ಕೊಡುವುದಿಲ್ಲ. ಟೈಮ್‌ಶೇರ್ ಸದಸ್ಯತ್ವ ಬಹುಪಾಲು ಬರೀ ಬಳಕೆಯ ಹಕ್ಕಾದ್ದರಿಂದ, ಭೂಮಿ ಕಟ್ಟಡಗಳ ಮಾಲೀಕತ್ವ ಅದರಲ್ಲಿ ಇಲ್ಲದ್ದರಿಂದ, ಅದು ಉಪನೋಂದಣಿ ಕಚೇರಿಗೂ ಬರುವುದಿಲ್ಲ, ಫ್ಲ್ಯಾಟು ಕೊಳ್ಳುವವರಿಗೆ 2016ರಲ್ಲಿ ಬಂದ ರೇರಾ ಕಾಯ್ದೆಯ ರಕ್ಷಣೆಯೂ ಅದಕ್ಕೆ ಸಿಗುವುದಿಲ್ಲ. ಲಾಭದ ಆಸೆ ತೋರಿಸಿ ಹಣ ಸೇರಿಸಿದ ಕೆಲವು ಟೈಮ್‌ಶೇರ್ ಯೋಜನೆಗಳನ್ನು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಸಾಮೂಹಿಕ ಹೂಡಿಕೆ ಯೋಜನೆಗಳೆಂದು ಪರಿಗಣಿಸಿ ತಡೆದದ್ದುಂಟು. ಆದರೆ ಲಾಭದ ಭರವಸೆ ಇಲ್ಲದ ಸಾಮಾನ್ಯ ರಜಾ ಸದಸ್ಯತ್ವ ಅದರ ವ್ಯಾಪ್ತಿಗೂ ಸೇರದು. ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಂದೇ. ಆ ಕಾಯ್ದೆಯ ಅಡಿಯಲ್ಲಿ ತಮ್ಮ ಸರ್ಕಾರಕ್ಕೆ ಇರುವ ಅಧಿಕಾರ ಸಣ್ಣದಲ್ಲವೆಂಬುದೇ ತಮಗೆ ಈ ಪತ್ರ ಬರೆಯಲು ಕಾರಣ.

ಆ ಕಾಯ್ದೆಯ 2(46)ನೇ ಕಲಮು ಮೊದಲ ಬಾರಿಗೆ ‘ಅನ್ಯಾಯದ ಕರಾರು’ ಎಂಬುದನ್ನು ವ್ಯಾಖ್ಯಾನಿಸಿದೆ. ಗ್ರಾಹಕರ ಮೇಲೆ ಅಸಮಂಜಸ ಶುಲ್ಕ, ಹೊಣೆ ಅಥವಾ ಷರತ್ತು ಹೇರಿ ಅವರನ್ನು ಅನನುಕೂಲಕ್ಕೆ ಗುರಿಮಾಡುವ ಕರಾರು ಅದರಲ್ಲಿ ಸೇರುತ್ತದೆ. ಕರಾರು ಮುರಿದುದಕ್ಕೆ ಆದ ನಷ್ಟಕ್ಕೂ ವಿಧಿಸಿದ ದಂಡಕ್ಕೂ ತಾಳಮೇಳವಿಲ್ಲದ ಕರಾರೂ ಸೇರುತ್ತದೆ. ಇಂಥ ಕರಾರುಗಳ ವಿರುದ್ಧ ದೂರನ್ನು ರಾಜ್ಯ ಆಯೋಗದ ಮುಂದೆ 47ನೇ ಕಲಮಿನಂತೆ ತರಬಹುದು, ಮತ್ತು 49ನೇ ಕಲಮು ಅನ್ಯಾಯದ ಷರತ್ತನ್ನು ಅಸಿಂಧುವೆಂದು ಘೋಷಿಸುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ. ನಿವೃತ್ತ ಶಿಕ್ಷಕರೊಬ್ಬರು 29,500 ರೂಪಾಯಿಗಾಗಿ ವಕೀಲರನ್ನು ಹಿಡಿದು ಬೆಂಗಳೂರಿಗೆ ಅಲೆಯುತ್ತಾರೆಯೇ? ಅಲೆಯುವುದಿಲ್ಲ, ಮತ್ತು ಅಲೆಯುವುದಿಲ್ಲವೆಂಬ ಧೈರ್ಯದ ಮೇಲೆಯೇ ಈ ಷರತ್ತುಗಳು ನಿಂತಿವೆ. ಆದರೆ ಅದೇ ಕಾಯ್ದೆಯ 2(5)ನೇ ಕಲಮು ‘ದೂರುದಾರ’ ಎಂಬುದರಲ್ಲಿ ರಾಜ್ಯ ಸರ್ಕಾರವನ್ನೂ ಸೇರಿಸಿದೆ. ಅಂದರೆ ಒಂದು ಕುಟುಂಬದ ಪರವಾಗಿ ಅಲ್ಲ, ಇಡೀ ಗ್ರಾಹಕ ಸಮೂಹದ ಪರವಾಗಿ ಕರ್ನಾಟಕ ಸರ್ಕಾರವೇ ರಾಜ್ಯ ಆಯೋಗದ ಬಾಗಿಲು ತಟ್ಟಬಹುದು. ಟೈಮ್‌ಶೇರ್ ವಿಷಯದಲ್ಲಿ ಹೀಗೆ ಮಾಡಬೇಕೆಂದು ನಾನು ತಮ್ಮಲ್ಲಿ ಕೋರುತ್ತೇನೆ. ಹೆಸರು ಬದಲಾವಣೆಗೆ ತಗಲುವ ನಿಜವಾದ ಖರ್ಚಿಗೂ ವಸೂಲಾಗುವ ವರ್ಗಾವಣೆ ಶುಲ್ಕಕ್ಕೂ ಏನು ಸಂಬಂಧ ಎಂಬ ಒಂದೇ ಪ್ರಶ್ನೆಗೆ ಕಂಪನಿಗಳು ಅಫಿಡವಿಟ್ ಮೂಲಕ ಉತ್ತರ ಕೊಡಬೇಕಾಗಿ ಬಂದರೂ ಸಾಕು, ಅರ್ಧ ಕೆಲಸ ಆದಂತೆ.

ಎರಡನೆಯದು, ಮತ್ತು ನನ್ನ ಮುಖ್ಯ ಕೋರಿಕೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಸಂಬಂಧಿಸಿದ್ದು. ಅನ್ಯಾಯದ ವ್ಯಾಪಾರ ಪದ್ಧತಿಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸುವ ಅಧಿಕಾರ 18ನೇ ಕಲಮಿನಂತೆ ಪ್ರಾಧಿಕಾರಕ್ಕಿದೆ. ಹೋಟೆಲುಗಳು ಬಿಲ್ಲಿನಲ್ಲಿ ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು 2022ರ ಜುಲೈನಲ್ಲಿ ಅದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಅಂತರ್ಜಾಲದಲ್ಲಿ ಗ್ರಾಹಕರ ದಾರಿ ತಪ್ಪಿಸುವ ತಂತ್ರಗಳ ಮೇಲೆ 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ಬಗೆಗಳಲ್ಲಿ ಒಂದು ಡ್ರಿಪ್ ಪ್ರೈಸಿಂಗ್, ಅಂದರೆ ಬೆಲೆಯ ಭಾಗಗಳನ್ನು ಮೊದಲೇ ತೋರಿಸದೆ ಹಂತಹಂತವಾಗಿ ಸೇರಿಸುತ್ತ ಹೋಗುವುದು. ಒಂದು ವಿಮಾನ ಟಿಕೆಟಿನಲ್ಲಿ ಕೊನೆಯ ಗಳಿಗೆಗೆ ಸೇರುವ ಕೆಲವು ನೂರು ರೂಪಾಯಿ ತಪ್ಪೆಂದಾದರೆ, 1,20,000ದ ಹಿಂದೆ ಐದು ಲಕ್ಷ ಅವಿತಿರುವುದು ಹೇಗೆ ಸರಿ? ಜಾಲತಾಣಗಳ ಮೇಲಿನ ಮರುಮಾರಾಟದ ಜಾಹೀರಾತುಗಳಿಗೆ ಈ ಮಾರ್ಗಸೂಚಿ ಅನ್ವಯಿಸುತ್ತದೆಂದು ಸ್ಪಷ್ಟಪಡಿಸುವಂತೆಯೂ, ಟೈಮ್‌ಶೇರ್ ವರ್ಗಾವಣೆಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸುವಂತೆಯೂ ತಾವು ಪ್ರಾಧಿಕಾರಕ್ಕೆ ಅಧಿಕೃತವಾಗಿ ಬರೆಯಬೇಕು.

ಆ ಮಾರ್ಗಸೂಚಿಯ ಹೃದಯಭಾಗವಾಗಿ ನಾನು ಕೇಳುವುದು ಒಂದು ಹಾಳೆಯನ್ನು. ಸದಸ್ಯರು ತಮ್ಮ ಸದಸ್ಯತ್ವ ಮಾರಲು ಇಚ್ಛಿಸಿದಾಗ, ಅವರ ಅರ್ಜಿಯ ಮೇಲೆ, ಕಂಪನಿಯು ನಿಗದಿತ ನಮೂನೆಯಲ್ಲಿ, ದಿನಾಂಕ ಹಾಕಿ, ಒಂದು ಲೆಕ್ಕಪತ್ರ ಕೊಡಬೇಕು. ಇಂದಿಗೆ ಬಾಕಿ ಎಷ್ಟು, ಅದರಲ್ಲಿ ಬಡ್ಡಿ ಎಷ್ಟು. ಕಂತಿನ ಮೇಲೆ ಕೊಂಡದ್ದಾದರೆ ತೀರದ ಕಂತೆಷ್ಟು. ವರ್ಗಾವಣೆಗೆ ತೆರಿಗೆ ಸೇರಿ ಎಷ್ಟು. ಈ ವರ್ಷದ ವಾರ್ಷಿಕ ಶುಲ್ಕ ಮತ್ತು ಹಿಂದಿನ ಐದು ವರ್ಷಗಳ ಶುಲ್ಕ ಎಷ್ಟು. ಏರಿಕೆಯ ಸೂತ್ರ ಯಾವುದು, ಅದಕ್ಕೆ ಮಿತಿ ಇದೆಯೇ. ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ. ಬೇಡಿಕೆಗೆ ತಕ್ಕಂತೆ ಕಂಪನಿಗಳು ಬಣ್ಣದ ಹೆಸರಿಟ್ಟು ವಿಂಗಡಿಸುವ ಋತುಗಳಲ್ಲಿ ಯಾವುದರಲ್ಲಿ ತಂಗಬಹುದು, ಹೆಚ್ಚು ಬೇಡಿಕೆಯ ಋತುವಿಗೆ ಹೆಚ್ಚುವರಿ ಹಣ ಎಷ್ಟು. ವರ್ಗಾವಣೆಯ ನಂತರ ಯಾವ ಸೌಲಭ್ಯಗಳು ಹೊಸಬರಿಗೆ ಸಿಗುವುದಿಲ್ಲ. ಇಷ್ಟು ಇರಲಿ. ಅದು ಕನ್ನಡದಲ್ಲಿಯೂ ಇರಲಿ, ಓದಲಾಗುವ ಗಾತ್ರದ ಅಕ್ಷರದಲ್ಲಿರಲಿ. ಮುಖ್ಯವಾಗಿ, ಆ ಹಾಳೆಯಲ್ಲಿ ಬರೆಯದ ಯಾವ ಹಳೆಯ ಬಾಕಿಯನ್ನೂ ಯಾವ ಶುಲ್ಕವನ್ನೂ ಕಂಪನಿ ನಂತರ ಹೊಸ ಸದಸ್ಯರಿಂದ ಕೇಳುವಂತಿಲ್ಲವೆಂದು ನಿಯಮವಾಗಲಿ. ಲೆಕ್ಕ ತಪ್ಪಿದರೆ ನಷ್ಟ ಲೆಕ್ಕ ಬರೆದವರಿಗೆ. ಬ್ಯಾಂಕುಗಳಲ್ಲಿ ನಮಗೆ ಕಲಿಸಿದ್ದು ಇದನ್ನೇ.

ಮುಂದಿನ ಶುಲ್ಕ ಎಷ್ಟಾಗುತ್ತದೆಂದು ಇಂದೇ ಹೇಳಲಾಗದು ಎಂದು ಕಂಪನಿಗಳು ಆಕ್ಷೇಪಿಸಬಹುದು. ಯಾರೂ ಭವಿಷ್ಯ ಹೇಳಬೇಕೆಂದು ಕೇಳುತ್ತಿಲ್ಲ. ಆದದ್ದನ್ನು ತೋರಿಸಿ, ಸೂತ್ರ ಹೇಳಿ, ಸೂತ್ರ ಇಲ್ಲದಿದ್ದರೆ ‘ನಮ್ಮ ಇಷ್ಟದಂತೆ ಏರಿಸುತ್ತೇವೆ’ ಎಂದು ನೇರವಾಗಿ ಬರೆಯಿರಿ ಎಂದಷ್ಟೇ ಕೇಳುತ್ತಿರುವುದು. ಹಾಗೆ ಬರೆಯಬೇಕಾದಾಗ ಬಹಳಷ್ಟು ಕಂಪನಿಗಳು ತಾವಾಗಿಯೇ ಒಂದು ಮಿತಿಗೆ ಬರುತ್ತವೆಂದು ನನ್ನ ನಂಬಿಕೆ. ಸದಸ್ಯರ ಖಾಸಗಿ ವಿವರಗಳ ಗೋಪ್ಯತೆಯ ನೆಪವೂ ನಿಲ್ಲುವುದಿಲ್ಲ, ಏಕೆಂದರೆ ಅರ್ಜಿ ಹಾಕುವವರು ಸದಸ್ಯರೇ.

ಯೂರೋಪ್ ಒಕ್ಕೂಟ ಈ ಕೆಲಸವನ್ನು 2008ರಲ್ಲೇ ಮಾಡಿದೆ. ಅಲ್ಲಿನ ನಿರ್ದೇಶನ ಟೈಮ್‌ಶೇರ್‌ನ ಮೊದಲ ಮಾರಾಟದ ಜೊತೆಗೆ ಮರುಮಾರಾಟಕ್ಕೆ ನೆರವಾಗುವ ಮಧ್ಯವರ್ತಿಗಳ ಒಪ್ಪಂದವನ್ನೂ, ವಿನಿಮಯ ಒಪ್ಪಂದವನ್ನೂ ತನ್ನ ವ್ಯಾಪ್ತಿಗೆ ತಂದಿತು. ಒಪ್ಪಂದಕ್ಕೆ ಮುನ್ನ ನಿಗದಿತ ನಮೂನೆಯಲ್ಲಿ ಮಾಹಿತಿ ಕೊಡಬೇಕು, ಕಾರಣ ಹೇಳದೆಯೇ ಹಿಂದೆ ಸರಿಯಲು 14 ದಿನ ಅವಕಾಶ ಇರಬೇಕು, ಮತ್ತು ಮಾರಾಟ ನಿಜವಾಗಿ ನಡೆಯುವವರೆಗೆ ಅಥವಾ ಮಧ್ಯವರ್ತಿಯ ಒಪ್ಪಂದ ಕೊನೆಗೊಳ್ಳುವವರೆಗೆ ಮಧ್ಯವರ್ತಿ ಮುಂಗಡವಾಗಿ ಏನನ್ನೂ ಪಡೆಯಬಾರದು. ಈ ಕೊನೆಯ ನಿಯಮ ನಮಗೆ ತುರ್ತಾಗಿ ಬೇಕಾದದ್ದು. ಏಕೆಂದರೆ ಮರುಮಾರಾಟದ ಸುತ್ತ ಈಗ ಇನ್ನೊಂದು ದಂಧೆ ಬೆಳೆದಿದೆ: ‘ನಿಮ್ಮ ಸದಸ್ಯತ್ವಕ್ಕೆ ಗಿರಾಕಿ ಸಿಕ್ಕಿದ್ದಾರೆ’ ಎಂದು ಮಾರಲು ಹವಣಿಸುತ್ತಿರುವವರಿಗೆ ಕರೆ ಮಾಡಿ, ಮೊದಲು ನಿರಾಕ್ಷೇಪಣಾ ಪತ್ರದ ಶುಲ್ಕ, ಬಳಿಕ ಜಿಎಸ್‌ಟಿ, ಬಳಿಕ ಮತ್ತೊಂದು ಹೆಸರಿನಲ್ಲಿ ಹಣ ಹಾಕಿಸಿಕೊಂಡು ಮಾಯವಾಗುವುದು. ಇಂಥವರಿಗೆ ಬಲಿಯಾದವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದು ಎಷ್ಟು ಮಂದಿಗೆ ಗೊತ್ತು? ಮುಂಗಡ ಪಡೆಯುವುದೇ ನಿಯಮಬಾಹಿರವೆಂದು ಸಾರಿದರೆ, ಮುಂಗಡ ಕೇಳಿದವರೆಲ್ಲ ಮೋಸಗಾರರೆಂದು ತಿಳಿಯಲು ಜನರಿಗೆ ಒಂದು ಸುಲಭದ ಗುರುತು ಸಿಗುತ್ತದೆ. ನೇರ ವ್ಯಾಪಾರ ಮಾಡುವ ಮಧ್ಯವರ್ತಿಗಳಿಗೂ ಅದರಿಂದ ನಷ್ಟವಿಲ್ಲ; ವ್ಯವಹಾರ ಕುದುರಿದ ದಿನ ತಮ್ಮ ದಲ್ಲಾಳಿ ಹಣ ಪಡೆದುಕೊಳ್ಳಲಿ.

ಹಳೆಯ ಬಾಕಿಯನ್ನು ಹೊಸಬರ ತಲೆಗೆ ಕಟ್ಟುವ ಪದ್ಧತಿಯ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸದಸ್ಯರು ಎರಡು ವರ್ಷ ಶುಲ್ಕ ಕಟ್ಟಲಿಲ್ಲ, ಆದ್ದರಿಂದ ಆ ಎರಡು ವರ್ಷ ಅವರಿಗೆ ತಂಗಲು ಅವಕಾಶವನ್ನೂ ಕಂಪನಿ ಕೊಡಲಿಲ್ಲ. ಸೇವೆ ಕೊಡದ ಆ ವರ್ಷಗಳ ಪೂರ್ಣ ಶುಲ್ಕವನ್ನು, ಬಡ್ಡಿ ಸಮೇತ, ಆಗ ಸದಸ್ಯರೇ ಅಲ್ಲದ ಮೂರನೆಯವರಿಂದ ವಸೂಲು ಮಾಡುವುದು ಯಾವ ನ್ಯಾಯ? ಆ ವಾರಗಳಲ್ಲಿ ಕಂಪನಿ ಅದೇ ಕೋಣೆಯನ್ನು ಬೇರೆ ಅತಿಥಿಗಳಿಗೆ ಬಾಡಿಗೆಗೆ ಕೊಡಲು ಯಾವ ಅಡ್ಡಿಯೂ ಇರಲಿಲ್ಲ. ಕೊಟ್ಟಿದ್ದರೆ ಒಂದೇ ಕೋಣೆಗೆ ಎರಡು ಕಡೆಯಿಂದ ಹಣ ಬಂದಂತಾಯಿತು. 2(46)ನೇ ಕಲಮಿನ ಅಸಮಂಜಸ ಶುಲ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇವುಗಳಿಗೆಲ್ಲ ಸಮಯ ಹಿಡಿಯುತ್ತದೆಂದು ಬಲ್ಲೆ. ಅಷ್ಟರಲ್ಲಿ ತಮ್ಮ ಇಲಾಖೆಯೊಂದೇ ಮಾಡಬಹುದಾದ ಕೆಲಸಗಳೂ ಇವೆ. ಗ್ರಾಹಕರ ಸಮೂಹದ ಹಕ್ಕುಗಳ ಉಲ್ಲಂಘನೆಯ ಬಗ್ಗೆ ವಿಚಾರಣೆ ನಡೆಸುವ ಅಧಿಕಾರ ಗ್ರಾಹಕ ಸಂರಕ್ಷಣಾ ಕಾಯ್ದೆಯ 16ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಗಿದೆ, ಆದರೆ ಅಂಥ ದೂರನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಲ್ಲಿಸಬಹುದೆಂಬ ಸಂಗತಿ ಕಚೇರಿಯ ಸಿಬ್ಬಂದಿಗೇ ಗೊತ್ತಿರುವುದಿಲ್ಲ. ದಂಪತಿಯ ದೂರನ್ನು ಕೊಡಲು ಹೋದಾಗ ‘ಇದು ಕೋರ್ಟಿನ ವಿಷಯ’ ಎಂದು ವಾಪಸು ಕಳಿಸಿದರು. ರೆಸಾರ್ಟ್‌ಗಳು ಹೆಚ್ಚಿರುವ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಿಗೂ, ಸದಸ್ಯತ್ವ ಹೆಚ್ಚಾಗಿ ಮಾರಾಟವಾಗುವ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೂ ಈ ಬಗ್ಗೆ ಒಂದು ಸುತ್ತೋಲೆ ಹೊರಡಬೇಕು. ಜೊತೆಗೆ ಇಲಾಖೆಯ ಹೆಸರಿನಲ್ಲಿ ಪತ್ರಿಕೆಗಳಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಬರಲಿ: ಮರುಮಾರಾಟದ ಸದಸ್ಯತ್ವ ಕೊಳ್ಳುವವರು ಮುಂಗಡ ಕೊಡುವ ಮೊದಲು ಮಾರುವವರಿಂದ ಇತ್ತೀಚಿನ ವಾರ್ಷಿಕ ಶುಲ್ಕದ ಬಿಲ್ಲನ್ನೂ, ಮೂಲ ಒಪ್ಪಂದದ ಎಲ್ಲ ಪುಟಗಳನ್ನೂ, ಬಾಕಿ ಇಲ್ಲವೆಂಬ ಕಂಪನಿಯ ಇಮೇಲನ್ನೂ ಕೇಳಿ ಪಡೆಯಲಿ, ಹಣವನ್ನು ವರ್ಗಾವಣೆ ಪೂರ್ಣಗೊಂಡ ಮೇಲೆಯೇ ಪೂರ್ತಿ ಕೊಡಲಿ, ಅನ್ಯಾಯವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಲಿ, ದೂರು ಕೊಡಲು ಎರಡು ವರ್ಷಗಳ ಕಾಲಮಿತಿ ಇದೆಯೆಂಬುದನ್ನು ಮರೆಯದಿರಲಿ. ಜಿಲ್ಲಾ ಆಯೋಗಕ್ಕೆ ವಕೀಲರಿಲ್ಲದೆಯೇ, ಮನೆಯಿಂದಲೇ ವಿದ್ಯುನ್ಮಾನ ವಿಧಾನದಲ್ಲಿ ದೂರು ಸಲ್ಲಿಸಬಹುದೆಂಬುದನ್ನೂ ಅದರಲ್ಲಿ ಹೇಳಬೇಕು.

ರೆಸಾರ್ಟ್ ಕಂಪನಿಗಳು ಮತ್ತು ಅವುಗಳ ಸಂಘದವರು ಈ ಪತ್ರವನ್ನು ಓದಿದರೆ, ಸರ್ಕಾರದ ಆದೇಶಕ್ಕೆ ಕಾಯಬೇಕಾದ ಅಗತ್ಯವಿಲ್ಲವೆಂದು ಅವರಿಗೂ ವಿನಂತಿಸುತ್ತೇನೆ. ಮೇಲೆ ಹೇಳಿದ ಹಾಳೆಯಲ್ಲಿರಬೇಕಾದ ಅಂಕಿಗಳೆಲ್ಲ ನಿಮ್ಮ ಗಣಕಯಂತ್ರದಲ್ಲಿ ಈಗಾಗಲೇ ಇವೆ. ನಿಮ್ಮ ಹೊಸ ಸದಸ್ಯತ್ವದ ಮಾರಾಟಕ್ಕೆ ಮರುಮಾರಾಟ ಪೈಪೋಟಿಯೆಂದು ಭಾವಿಸಿ ಅದನ್ನು ಕತ್ತಲಲ್ಲಿಡುವುದರಿಂದ, ಹೊರಬರಲು ದಾರಿಯಿಲ್ಲದ ಸದಸ್ಯರು ಶುಲ್ಕ ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಆ ಬಾಕಿ ನಿಮ್ಮ ಲೆಕ್ಕದ ಪುಸ್ತಕದಲ್ಲೇ ಉಳಿಯುತ್ತದೆ.

ಮಾನ್ಯ ಸಚಿವರೇ, ಆ ದಂಪತಿಯ ಒಪ್ಪಂದ, ಬಿಲ್ಲುಗಳು, ಮಧ್ಯವರ್ತಿಯ ರಸೀದಿ, ಕಂಪನಿಯ ಉತ್ತರ, ಮತ್ತು ಮೇಲಿನ ಅಂಕಿಗಳ ಪೂರ್ಣ ಲೆಕ್ಕದ ಹಾಳೆ ನನ್ನ ಬಳಿ ಇವೆ. ಅವರ ಒಪ್ಪಿಗೆಯೊಂದಿಗೆ ಇಲಾಖೆಯ ಯಾವ ಅಧಿಕಾರಿಯ ಮುಂದೆಯೂ ಹಾಜರುಪಡಿಸಲು ಸಿದ್ಧನಿದ್ದೇನೆ. ರಾಜ್ಯ ಆಯೋಗದ ಮುಂದೆ ಸರ್ಕಾರವೇ ದೂರು ತರುವ ಬಗ್ಗೆಯೂ, ಕೇಂದ್ರ ಪ್ರಾಧಿಕಾರಕ್ಕೆ ಪತ್ರ ಬರೆಯುವ ಬಗ್ಗೆಯೂ ಇಲಾಖೆಯ ನಿಲುವೇನೆಂಬುದನ್ನು ಲಿಖಿತವಾಗಿ, ಸಾರ್ವಜನಿಕರಿಗೆ ತಿಳಿಯುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ಮುಂದಿನ ಬೇಸಿಗೆ ರಜೆಯ ಜಾಹೀರಾತುಗಳು ಶುರುವಾಗುವ ಮೊದಲು ಆ ಉತ್ತರ ಬಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ,
ಮೈಸೂರು.